ಹಿಪ್ಪರಗಿಯ ಬಿಸಿಲಿನಲ್ಲಿ ಒಂದು ಹಗಲು

ಹಿಪ್ಪರಗಿಗೆ ಹೋಗಿ ಬಂದೆನೆಂದು ಹೇಳಿದಾಗ ನನ್ನ ಸಹೋದ್ಯೋಗಿ ಮಿತ್ರರೊಬ್ಬರು, “ಮಡಿವಾಳ ಮಾಚಯ್ಯನವರ ಊರಲ್ಲವೆ?” ಎಂದು ಭಕ್ತಿಯಿಂದ ಕೇಳಿದರು. ಅಲ್ಲ. ಅದು ದೇವರ ಹಿಪ್ಪರಗಿ. ವಿಜಯಪುರ ಜಿಲ್ಲೆಗೆ ಸೇರಿದ್ದು. ನಾನು ಹೋದದ್ದು ಬಾಗಲಕೋಟೆ ಜಿಲ್ಲೆಯ ಹಿಪ್ಪರಗಿಗೆ. ಈ ಊರಿನ ಹೆಸರಿನೊಂದಿಗೆ ದೇವರು ಸೇರಿಲ್ಲ. ಊರಿನ ಮಗ್ಗುಲಲ್ಲಿ ಕೃಷ್ಣೆ ಇದ್ದಾಳೆ, ಅವಳಿಗೆ ಅಡ್ಡಲಾಗಿ ಒಂದು ಬ್ಯಾರೇಜು ಇದೆ. ಅದನ್ನು ನೋಡಲೆಂದು ಬರುವವರುಂಟು. ನಾನು ಅದನ್ನು ನೋಡಿದ್ದು ನಿಜವಾದರೂ ಅದಕ್ಕಾಗಿ ಹೋದವನಲ್ಲ. ನನ್ನ ಚಿಗವ್ವನ ಮಗಳು ಆ ಊರಿನ ಸೊಸೆ. ಅವಳ ಮುಖವನ್ನು ನೋಡಿ ಬರಲು ಹೋಗಿದ್ದೆ.

ಮಾತಿನ ರೂಢಿಯಂತೆ ‘ಮುಖ ನೋಡಿ ಬರಲು’ ಎಂದೆನೆಂದು ವಾಚಕರು ತಿಳಿಯಬಾರದು. ನಿಜವಾಗಿಯೂ ಅವಳ ಮುಖವನ್ನೇ ನೋಡಬೇಕಾಗಿತ್ತು. ಮಾಘಮಾಸದಲ್ಲಿ ನಮ್ಮ ಮಗುವಿನ ಜಾವಳ ಆಯಿತು. ನೆಂಟರೆಲ್ಲ ಬಂದರು, ಅಕ್ಕ ಬರಲಿಲ್ಲ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ನನಗಿಂತ ಆರು ವರ್ಷ ಹಿರಿಯಳು, ಕರೆದರೂ ಬರಲಿಲ್ಲವೆಂದು ನನಗೆ ಸಿಟ್ಟು ಬಂದಿತ್ತು. ಎರಡು ತಿಂಗಳು ದೂರವಾಣಿಯಲ್ಲಿ ಸಹ ಮಾತನಾಡಲಿಲ್ಲ. ಕೊನೆಗೆ ಚಿಗವ್ವನೇ ನನ್ನ ತಾಯಿಗೆ ಗುಟ್ಟು ಹೇಳಿದಳು: “ಆಕಿ ಮಾರಿ ಸುಟ್ಟಾಂಗ ಆಗೇತಿ. ನಾಲ್ಕು ಮಂದ್ಯಾಗ ಬರಾಕ ನಾಚತಾಳ.” ನನ್ನ ಸಿಟ್ಟು ಎಷ್ಟು ಅಗ್ಗದ್ದೆಂದು ಆಗ ತಿಳಿಯಿತು. ಮೇ ತಿಂಗಳ ಮೊದಲ ವಾರ ಕಾಲೇಜಿಗೆ ಬಿಡುವು ದೊರೆತೊಡನೆ ಹೊರಟುಬಿಟ್ಟೆ.

ಬೆವರಿನ ಸೀಮೆ

ಮುಧೋಳ ನನ್ನ ತವರು. ರನ್ನ ಹುಟ್ಟಿದ ಊರು ಎಂದು ತರಗತಿಯಲ್ಲಿ ಹೇಳುವಾಗ ನನಗೆ ಸ್ವಲ್ಪ ಹೆಮ್ಮೆ ಬರುವುದುಂಟು. ವೈಶಂಪಾಯನ ಸರೋವರದ ತಣ್ಣೀರಿನೊಳಗೆ ಅಡಗಿದ್ದರೂ ಭೀಮನ ಕೂಗನ್ನು ಕೇಳಿ ದುರ್ಯೋಧನ ಬೆವರಿದನೆಂಬ ಪ್ರಸಂಗವನ್ನು ಪಾಠ ಮಾಡುವಾಗ, ಅದು ಕೋಪದ ಬೆವರೆಂದು ವಿದ್ಯಾರ್ಥಿಗಳಿಗೆ ವಿವರಿಸುತ್ತೇನೆ. ಆದರೆ ಮುಧೋಳದಿಂದ ಜಮಖಂಡಿಗೆ, ಅಲ್ಲಿಂದ ಕೃಷ್ಣೆಯ ದಡಕ್ಕೆ ಬೇಸಗೆಯ ಬಸ್ಸಿನಲ್ಲಿ ಪ್ರಯಾಣ ಮಾಡಿದವನಿಗೆ, ಈ ಸೀಮೆಯ ಕವಿಗೆ ಬೆವರಿನ ವಿಷಯ ಹೊಳೆದದ್ದರಲ್ಲಿ ಆಶ್ಚರ್ಯವೇನೂ ತೋರುವುದಿಲ್ಲ.

ಜಮಖಂಡಿ ಪಟವರ್ಧನರ ಸಂಸ್ಥಾನವಾಗಿದ್ದ ಊರು. ೧೯೪೮ರಲ್ಲಿ ದೇಶದಲ್ಲಿ ವಿಲೀನವಾಯಿತು. ಅದನ್ನು ದಾಟಿದರೆ ಎರೆಯ ಹೊಲಗಳು, ಕಬ್ಬು, ಅಲ್ಲಲ್ಲಿ ಅರಿಶಿನದ ಮಡಿಗಳು. ಹತ್ತಿರದ ರಬಕವಿ–ಬನಹಟ್ಟಿಗಳಲ್ಲಿ ಮಗ್ಗದ ಸದ್ದು. ಇದೇ ನದಿಗೆ ಇಲ್ಲಿಂದ ಕೆಳಗೆ ಚಿಕ್ಕಪಡಸಲಗಿಯ ಬಳಿ ೧೯೮೯ರಲ್ಲಿ ರೈತರೇ ಹಣ ಕೂಡಿಸಿ, ತಾವೇ ದುಡಿದು ಒಂದು ಬ್ಯಾರೇಜನ್ನು ಕಟ್ಟಿಕೊಂಡರು. ಅದರ ಮುಂದಾಳು ಸಿದ್ದು ನ್ಯಾಮಗೌಡರು. ಆ ನೀರಿಗೆ ಇಟ್ಟ ಹೆಸರು ‘ಶ್ರಮಬಿಂದು ಸಾಗರ’. ಬೆವರ ಹನಿಗಳೇ ಸಮುದ್ರವಾದವೆಂದು ಹೆಸರಿಡಲು ಪಂಡಿತರು ಬೇಕಾಗಲಿಲ್ಲ. ಆ ಬಿಸಿಲಿನಲ್ಲಿ ಕಲ್ಲು ಹೊತ್ತವರಿಗೆ ಅದು ತಾನಾಗಿ ಬಂದ ಹೆಸರು.

ಹಿಪ್ಪರಗಿಯಲ್ಲಿ ಇಳಿದಾಗ ಬೆಳಗಿನ ಏಳು ಗಂಟೆ. ಅಷ್ಟು ಹೊತ್ತಿಗೇ ಬಿಸಿಲು ಮೊನಚಾಗಿತ್ತು. ಮಣ್ಣಿನ ಮಾಳಿಗೆಯ ಮನೆ, ಒಳಗೆ ತಂಪು. ಬಾಗಿಲಲ್ಲಿ ನಿಂತಿದ್ದ ಅಕ್ಕ ನನ್ನನ್ನು ಕಂಡೊಡನೆ ಸೆರಗನ್ನು ಕೆನ್ನೆಯ ಮೇಲೆ ಎಳೆದುಕೊಂಡಳು.

“ಬಾ ತಮ್ಮಾ, ಹೇಳದ ಕೇಳದ ಬಂದೀ ಅಲ್ಲಾ!”

“ಹೇಳಿದ್ರ ನೀ ಊರಾಗ ಇರತಿದ್ದಿಲ್ಲ ಅಕ್ಕಾ,” ಎಂದೆ.

ಅವಳು ನಕ್ಕಳು. ನಗುವಾಗ ಸೆರಗು ಜಾರಿತು. ಎರಡೂ ಕೆನ್ನೆಗಳ ಮೇಲೆ, ಹಣೆಯ ಮೇಲೆ, ಮೇಲ್ದುಟಿಯ ಮೇಲೆ ಕಂದು ಬಣ್ಣದ ಬಂಗು ನಕ್ಷೆಯಂತೆ ಹರಡಿತ್ತು. ಅದಕ್ಕಿಂತ ಹೆಚ್ಚಾಗಿ ಕೆನ್ನೆಯ ಚರ್ಮ ತೆಳ್ಳಗಾಗಿ ಕೆಂಪೇರಿ, ಸಣ್ಣ ರಕ್ತನಾಳಗಳು ದಾರದ ಎಳೆಗಳಂತೆ ಕಾಣುತ್ತಿದ್ದವು. ನಲವತ್ತೆರಡು ವರ್ಷದ ಹೆಂಗಸಿನ ಮುಖ ಐವತ್ತೈದರದ್ದಾಗಿತ್ತು.

ಗುಲಾಬಿ ಸೀರೆ

ಅಕ್ಕ ಆಶಾ ಕಾರ್ಯಕರ್ತೆ. ‘ಆಶಾ’ ಎಂಬುದು ‘ಮಾನ್ಯತೆ ಪಡೆದ ಸಾಮಾಜಿಕ ಆರೋಗ್ಯ ಕಾರ್ಯಕರ್ತೆ’ ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದಾದ ಪದ. ೨೦೦೫ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಸುಮಾರು ಸಾವಿರ ಜನರಿಗೆ ಒಬ್ಬಳಂತೆ, ಆಯಾ ಊರಿನ ಹೆಣ್ಣುಮಗಳನ್ನೇ ಆರಿಸಿ ಈ ಕೆಲಸಕ್ಕೆ ನೇಮಿಸಿದರು. ಕರ್ನಾಟಕದಲ್ಲಿ ಇಂಥವರು ೪೦,೦೦೦ಕ್ಕೂ ಹೆಚ್ಚು. ದೇಶದಲ್ಲೆಲ್ಲ ಸೇರಿ ಸುಮಾರು ಹತ್ತು ಲಕ್ಷ. ೨೦೨೨ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರು ಇವರಿಗೆಲ್ಲ ಒಟ್ಟಾಗಿ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿಯನ್ನು ಘೋಷಿಸಿದರು. ಆ ಸುದ್ದಿಯನ್ನು ಓದಿದ ದಿನ ಅಕ್ಕನಿಗೆ ಅಭಿನಂದನೆ ಹೇಳಿದ್ದೆ. “ಹೌದಾ? ನಾ ಇವತ್ತ ಲಾರ್ವಾ ಸರ್ವೆಕ್ಕ ಹೋಗಿದ್ನಿ,” ಎಂದಿದ್ದಳು.

ನಾನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಅವಳು ಸಮವಸ್ತ್ರದ ಗುಲಾಬಿ ಸೀರೆಯುಟ್ಟು ಚೀಲವನ್ನು ಹೆಗಲಿಗೇರಿಸಿದ್ದಳು. ನಾನೂ ಬರುತ್ತೇನೆಂದೆ. “ಬಿಸಲಾಗ ನಿನಗ ಯಾಕ ಬೇಕು, ಮನ್ಯಾಗ ಮಲಗು,” ಎಂದಳು. ನನಗೆ ಬೇಡವಾದ ಬಿಸಿಲು ಅವಳಿಗೆ ಹೇಗೆ ಬೇಕಾಯಿತೆಂದು ಕೇಳಿದ್ದಕ್ಕೆ ಅವಳಲ್ಲಿ ಉತ್ತರವಿರಲಿಲ್ಲ. ಇಬ್ಬರೂ ಹೊರಟೆವು.

ಮೊದಲನೆಯದು ಬಾಣಂತಿಯ ಮನೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ೩, ೭, ೧೪, ೨೧, ೨೮ ಮತ್ತು ೪೨ನೆಯ ದಿನಗಳಂದು ಆಶಾ ಮನೆಗೆ ಹೋಗಿ ನೋಡಬೇಕು: ತೂಕ, ಮೈಯ ಬಿಸಿ, ಹೊಕ್ಕಳು, ಹಾಲು ಕುಡಿಯುವ ರೀತಿ. ಅಂದು ಆ ಕೂಸಿಗೆ ಹದಿನಾಲ್ಕನೆಯ ದಿನ. ಕೂಸಿಗೆ ಬಿಸಿಲು ಬೇಸಗೆ ತಿಳಿಯದು. ಅದರ ದಿನ ಅದಕ್ಕೆ ಬಂದೇ ಬರುತ್ತದೆ. ಅಲ್ಲಿಂದ ಊರಾಚೆಯ ತೋಟದ ಮನೆಗಳು. ಈ ಕಡೆ ನೀರಾವರಿ ಬಂದ ಮೇಲೆ ಅನೇಕ ಸಂಸಾರಗಳು ಹೊಲದಲ್ಲಿಯೇ ಮನೆ ಮಾಡಿಕೊಂಡಿವೆ. ನಕ್ಷೆಯಲ್ಲಿ ಅದು ಒಂದೇ ಊರು; ಕಾಲಿಗೆ ಮಾತ್ರ ಹತ್ತು ಊರು. ಒಂದು ತೋಟದಲ್ಲಿ ಏಳು ತಿಂಗಳ ಬಸುರಿ, ಇನ್ನೊಂದರಲ್ಲಿ ಕ್ಷಯದ ಗುಳಿಗೆ ನುಂಗಬೇಕಾದ ಮುದುಕ, ಮತ್ತೊಂದರಲ್ಲಿ ಲಸಿಕೆಗೆ ಬಾರದೆ ತಪ್ಪಿಸಿಕೊಂಡ ಮಗು. ಎಲ್ಲ ಮನೆಗಳಲ್ಲಿಯೂ ನೀರಿನ ಡ್ರಮ್ಮಿನೊಳಗೆ ಬಗ್ಗಿ, ಸೊಳ್ಳೆಯ ಮರಿಗಳಿವೆಯೇ ಎಂದು ನೋಡುವುದು.

ದಾರಿಯ ಬದುವಿನ ಮೇಲೆ ಕಳೆ ಕೀಳುವ ಹೆಂಗಸರು ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ತಲೆಗೂ ಕಿವಿಗೂ ಬಟ್ಟೆ ಬಿಗಿದಿದ್ದರು. ಮುದುಕರ ತಲೆಯ ಮೇಲೆ ದಪ್ಪನೆಯ ರುಮಾಲು. ಬಿಸಿಲಿನಲ್ಲಿ ಹುಟ್ಟಿ ಬೆಳೆದ ಜನ ಬಿಸಿಲನ್ನು ಎದುರಿಸುವ ವಿದ್ಯೆಯನ್ನು ತಮ್ಮಷ್ಟಕ್ಕೆ ತಾವೇ ಕಂಡುಕೊಂಡಿದ್ದಾರೆ. ಅಕ್ಕನ ತೋಳು ಮೊಣಕೈಯಿಂದ ಕೆಳಗೆ ಬರಿದು. ತಲೆಯ ಮೇಲೆ ತೆಳ್ಳನೆಯ ಸೆರಗು.

“ನೀನೂ ಹಾಂಗ ಒಂದು ಅಂಗಿ ಹಾಕ್ಕೋಬಾರದ ಅಕ್ಕಾ?”

“ಸರಕಾರದ ಸೀರಿ ಉಟ್ಟು ಗಂಡಸರ ಅಂಗಿ ಹಾಕ್ಕೊಂಡ್ರ ಮಂದಿ ನಗತಾರ ತಮ್ಮಾ. ಕೊಡಿ ಹಿಡಿದ್ರ ಚೀಲ ಹಿಡಿಯಾಕ ಕೈ ಇಲ್ಲ, ಬರಕೊಳ್ಳಾಕ ಕೈ ಇಲ್ಲ.”

ಬಾಗಲಕೋಟೆ, ವಿಜಯಪುರ ಮತ್ತು ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಾಯಿಸುವ ಪದ್ಧತಿಯುಂಟು. ಬಿಸಿಲಿನ ತಾಪವನ್ನು ಸರಕಾರವೂ ಬಲ್ಲದು. ಇದನ್ನು ನೆನಪಿಸಿದೆ. ಅಕ್ಕ ತಣ್ಣಗೆ ಹೇಳಿದಳು: “ಅದು ಆಫೀಸಿಗೆ. ನಾವು ಆಫೀಸ ಅಲ್ಲಲ್ಲ.”

ನೆರಳು ಮಾಯವಾದ ಹೊತ್ತು

ಹನ್ನೆರಡು ದಾಟಿದಾಗ ಬ್ಯಾರೇಜಿನ ಬಳಿ ಬಂದೆವು. ಮಹಾಬಲೇಶ್ವರದಲ್ಲಿ ಹುಟ್ಟಿ, ಸಾಂಗಲಿಯ ಸೀಮೆಯನ್ನು ದಾಟಿ ಬರುವ ಕೃಷ್ಣೆಯನ್ನು ಇಲ್ಲಿ ತಡೆದು ಅಥಣಿ, ಜಮಖಂಡಿ ಕಡೆಯ ಹೊಲಗಳಿಗೆ ನೀರು ಕೊಟ್ಟಿದ್ದಾರೆ. ೨೦೧೯ರ ಆಗಸ್ಟ್‌ನಲ್ಲಿ ಇದೇ ನದಿ ದಡದ ಊರುಗಳನ್ನೆಲ್ಲ ನುಂಗಿತ್ತು. ಆಗ ಅಕ್ಕ ಪರಿಹಾರ ಕೇಂದ್ರದಲ್ಲಿ ಜ್ವರದವರಿಗೆ ಗುಳಿಗೆ ಹಂಚುತ್ತ ವಾರಗಟ್ಟಲೆ ಮನೆಯನ್ನು ಮರೆತಿದ್ದಳು. ಈಗ ನದಿ ಬಡವಾಗಿ, ಬಂಡೆಗಳ ನಡುವೆ ಮಲಗಿತ್ತು. ಬೇಸಗೆ ಬಲಿತಾಗ ಕೊಯ್ನಾದಿಂದ ನೀರು ಬಿಡಿರೆಂದು ನೆರೆರಾಜ್ಯವನ್ನು ಕೇಳುವ ಸ್ಥಿತಿ ಈ ದಡದವರಿಗೆ ಹೊಸದಲ್ಲ. ನೀರಿನ ಮೇಲಿಂದ ಗಾಳಿ ಬೀಸುತ್ತಿತ್ತು. ಮೈಗೆ ಹಿತವೆನಿಸಿತು. ಆ ಹಿತವೇ ಮೋಸವೆಂದು ನಾನು ಆಮೇಲೆ ತಿಳಿದೆ.

ಗಡಿಯಾರದಲ್ಲಿ ಹನ್ನೆರಡೂವರೆಗೆ ನಾಲ್ಕೈದು ನಿಮಿಷ ಉಳಿದಿರುವಾಗ ಕಾಲಬುಡದಲ್ಲಿ ನೋಡಿಕೊಂಡೆ. ನನ್ನ ನೆರಳು ಇರಲಿಲ್ಲ. ಬ್ಯಾರೇಜಿನ ಕಂಬಿಗಳಿಗೂ ನೆರಳಿರಲಿಲ್ಲ. ಹಿಪ್ಪರಗಿ ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು ಹದಿನಾರೂವರೆ ಅಂಶದಲ್ಲಿದೆ. ಉತ್ತರಾಯಣದಲ್ಲಿ ಮೇಲೇರುವ ಸೂರ್ಯ ಮೇ ೬ರ ಸುಮಾರಿಗೆ ಈ ಊರಿನ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಹಿಂತಿರುಗುವಾಗ ಆಗಸ್ಟ್ ತಿಂಗಳ ಮೊದಲ ವಾರದ ಸುಮಾರಿಗೆ ಇನ್ನೊಮ್ಮೆ. ಆಗಸ್ಟ್‌ನ ಸೂರ್ಯನನ್ನು ಮಳೆಗಾಲದ ಮೋಡ ಮರೆಮಾಡಬಹುದು; ಮೇ ತಿಂಗಳಲ್ಲಿ ಅವನಿಗೆ ತಡೆಯಿಲ್ಲ. ನಮ್ಮ ಗಡಿಯಾರಗಳು ಪೂರ್ವದ ಎಂಬತ್ತೆರಡೂವರೆ ಅಂಶದ ರೇಖೆಯನ್ನು ಅನುಸರಿಸುವುದರಿಂದ, ಪಶ್ಚಿಮಕ್ಕಿರುವ ಈ ಊರಿನಲ್ಲಿ ನಿಜವಾದ ನಡುಹಗಲು ಅರ್ಧ ಗಂಟೆ ತಡವಾಗಿ ಬರುತ್ತದೆ.

ಬೇವಿನ ಮರವೊಂದನ್ನು ಹುಡುಕಿ ಕುಳಿತೆವು. ಅಕ್ಕ ಬುತ್ತಿ ಬಿಚ್ಚಿದಳು: ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ. ಆ ನೆರಳಿನಲ್ಲಿ ಅವಳು ಸೆರಗನ್ನು ಪೂರ್ತಿಯಾಗಿ ಸರಿಸಿ ಮುಖಕ್ಕೆ ನೀರು ಚಿಮುಕಿಸಿಕೊಂಡಳು. ನೀರು ತಾಗಿದೊಡನೆ ಉರಿಯಿಂದ ಹಲ್ಲು ಕಚ್ಚಿದಳು.

“ಏನ ಹಚ್ಚತಿ ಅಕ್ಕಾ ಮಾರಿಗೆ?”

ಸ್ವಲ್ಪ ಹೊತ್ತು ಸುಮ್ಮನಿದ್ದು, ಚೀಲದ ತಳದಿಂದ ಒಂದು ಸಣ್ಣ ಕೊಳವೆಯನ್ನು ತೆಗೆದು ನನ್ನ ಕೈಯಲ್ಲಿಟ್ಟಳು.

ಕಥೆ ಇಷ್ಟು. ಮೂರು ವರ್ಷಗಳ ಹಿಂದೆ ಬಂಗು ಕಾಣಿಸಿತು. ಬಿಸಿಲಿನಲ್ಲಿ ತಿರುಗಿದಷ್ಟೂ ಕಪ್ಪಾಯಿತು. ಹಿರಿಯ ಮಗಳಿಗೆ ವರ ನೋಡುತ್ತಿದ್ದಾರೆ. ಬೀಗರಾಗುವವರು ಮನೆಗೆ ಬಂದರೆ ತಾಯಿಯ ಮುಖ ಹೀಗಿದ್ದರೆ ಹೇಗೆಂದು ಯಾರೋ ಅಂದರು. ಒಂದು ಔಷಧಿ ಅಂಗಡಿಯಲ್ಲಿ ಕೇಳಿದಳು. ಚೀಟಿಯಿಲ್ಲದೆ ಈ ಮುಲಾಮನ್ನು ಕೊಟ್ಟರು. ಹದಿನೈದು ದಿನಗಳಲ್ಲಿ ಮುಖ ಬೆಳ್ಳಗಾಯಿತು. ಎಲ್ಲರೂ ಹೊಗಳಿದರು. ನಿಲ್ಲಿಸಿದಳು, ಉರಿ, ತುರಿಕೆ, ಮೊಡವೆ, ಮೊದಲಿಗಿಂತ ಕಪ್ಪು. ಮತ್ತೆ ಹಚ್ಚಿದಳು; ಶಾಂತವಾಯಿತು. ಹೀಗೆ ಹಚ್ಚುವುದು, ಬಿಡುವುದು ಎರಡು ವರ್ಷ ನಡೆದು, ಕೊನೆಗೆ ಹಚ್ಚಿದರೂ ಉರಿ, ಬಿಟ್ಟರೂ ಉರಿ ಎಂಬಂತಾಯಿತು.

“ಮಂದಿಗೆಲ್ಲ ಡಾಕ್ಟರ ಕಡೆ ಹೋಗ್ರಿ ಅಂತ ಹೇಳಾಕಿ ನೀನು. ನೀ ಯಾಕ ಹೋಗಲಿಲ್ಲ?”

“ಇದೂ ಒಂದು ರೋಗ ಏನ ತಮ್ಮಾ? ಮಾರಿ ಕಪ್ಪಾಗೇತಿ ಅಂತ ದವಾಖಾನಿಗೆ ಹೋದ್ರ ಸೋಗು ಮಾಡತಾಳ ಅಂದಾರು.”

ಈ ಮಾತು ಕೇಳಿ ನನಗೆ ರೊಟ್ಟಿ ಇಳಿಯಲಿಲ್ಲ. ಏಕೆಂದರೆ ಅದಕ್ಕೆ ಅರ್ಧ ಗಂಟೆಯ ಹಿಂದೆಯೇ ಅವಳು ಒಬ್ಬ ಕೂಲಿಯವನ ಬೆನ್ನನ್ನು ನೆರಳಿಗೆ ತಿರುಗಿಸಿ ನಿಲ್ಲಿಸಿ, ಬಣ್ಣ ತಿಳಿಯಾದ ಒಂದು ಮಚ್ಚೆಯ ಮೇಲೆ ಬೆರಳಿಟ್ಟು, “ಇಲ್ಲಿ ಮುಟ್ಟಿದ್ದು ಗೊತ್ತಾಗತೈತೇನು?” ಎಂದು ಕೇಳಿದ್ದಳು. ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕುಷ್ಠದ ಲಕ್ಷಣವಾಗಿರಬಹುದು. ಅಂಥವರನ್ನು ಪತ್ತೆಮಾಡಿ ಆಸ್ಪತ್ರೆಗೆ ಕಳಿಸುವುದು ಆಶಾಳ ಕೆಲಸಗಳಲ್ಲೊಂದು. ಊರಿನವರೆಲ್ಲರ ಚರ್ಮವನ್ನು ಅವಳು ನೋಡುತ್ತಾಳೆ. ಅವಳ ಚರ್ಮವನ್ನು ನೋಡುವವರು ಯಾರೂ ಇರಲಿಲ್ಲ. ತಮ್ಮನೆಂಬ ನಾನೂ ಇರಲಿಲ್ಲ.

ಕಾಣದ ಕಿರಣ

ಮರುದಿನ ಅಕ್ಕನನ್ನು ಚರ್ಮವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕಾದರೆ ನಾನು ಪಟ್ಟ ಪಾಡನ್ನು ಬರೆದರೆ ಇನ್ನೊಂದು ಲೇಖನವಾದೀತು. ಒಂದು ದಿನದ ಸಮೀಕ್ಷೆ ತಪ್ಪುತ್ತದೆಂದು ಅವಳ ಚಿಂತೆ. ಪಕ್ಕದ ಓಣಿಯ ಆಶಾ, “ನಿಮ್ಮ ಮನಿಗೋಳು ನಾ ಮಾಡತೀನಿ, ಹೋಗ್ರಿ ಅಕ್ಕಾರ,” ಎಂದು ಭರವಸೆಯಿತ್ತ ಮೇಲೆಯೇ ಬಸ್ಸು ಹತ್ತಿದಳು.

ವೈದ್ಯರು ತಾಳ್ಮೆಯವರು. ಕೊಳವೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ನಿಟ್ಟುಸಿರಿಟ್ಟರು. ಅದರಲ್ಲಿದ್ದದ್ದು ಸ್ಟಿರಾಯ್ಡ್. ಇಸುಬಿನಂಥ ಕೆಲವು ರೋಗಗಳಿಗೆ, ಕೆಲವು ದಿನಗಳ ಮಟ್ಟಿಗೆ, ವೈದ್ಯರ ಕಣ್ಣೆದುರು ಅದು ಒಳ್ಳೆಯ ಔಷಧಿ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ರಕ್ತನಾಳಗಳು ಹಿಗ್ಗುತ್ತವೆ, ಬಿಸಿಲು ಮತ್ತಷ್ಟು ನಾಟುತ್ತದೆ. ನಮ್ಮ ದೇಶದ ಚರ್ಮವೈದ್ಯರು ಇಂಥ ಮುಖಗಳನ್ನು ಎಷ್ಟು ಕಂಡಿದ್ದಾರೆಂದರೆ, ‘ಸ್ಟಿರಾಯ್ಡಿನಿಂದ ಕೆಟ್ಟ ಮುಖ’ ಎಂದೇ ಅದಕ್ಕೊಂದು ಹೆಸರಿಟ್ಟಿದ್ದಾರೆ. ೨೦೧೮ರಲ್ಲಿ ಕೇಂದ್ರ ಸರಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿತು. ಪಟ್ಟಿ ದಿಲ್ಲಿಯಲ್ಲಿದೆ, ಕೊಳವೆ ಅಕ್ಕನ ಚೀಲದಲ್ಲಿತ್ತು.

“ಸರ್ರ, ಬಿಸಲು ನಮಗ ಹೊಸಾದಲ್ಲ. ಹುಟ್ಟಿದಾಗಿಂದ ಕಂಡೇವಿ. ಈಗ ಯಾಕ ಹಿಂಗಾತು?” ಎಂದು ಅಕ್ಕ ಕೇಳಿದಳು. ವೈದ್ಯರು ಹೇಳಿದ್ದನ್ನೂ, ಅನಂತರ ನಾನು ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ.

ಬಿಸಿಲಿನಲ್ಲಿ ಕಣ್ಣಿಗೆ ಕಾಣುವ ಬೆಳಕು ಉಂಟು, ಮೈಗೆ ತಿಳಿಯುವ ಶಾಖ ಉಂಟು; ಎರಡೂ ಅಲ್ಲದ ಅತಿನೇರಳೆ ಕಿರಣವೂ ಉಂಟು. ಇದನ್ನು ೧೮೦೧ರಲ್ಲಿ ಜರ್ಮನಿಯ ರಿಟ್ಟರ್ ಎಂಬ ವಿಜ್ಞಾನಿ ಕಂಡುಹಿಡಿದ. ಚರ್ಮವನ್ನು ಕೆಡಿಸುವುದರಲ್ಲಿ ಇದರ ಪಾಲೇ ದೊಡ್ಡದು. ಗಾಳಿ ಬೀಸಿ ಮೈ ತಂಪಾದರೂ ಇದು ಕಡಿಮೆಯಾಗುವುದಿಲ್ಲ. ತೆಳುಮೋಡವನ್ನು ದಾಟಿ ಬರುತ್ತದೆ. ಆಕಾಶದ ಎಲ್ಲ ಕಡೆಯಿಂದಲೂ ಚದರಿ ಬೀಳುವುದರಿಂದ ಕೊಡೆಯ ಕೆಳಗೂ ಒಂದಷ್ಟು ನುಸುಳುತ್ತದೆ. ಹೊಳೆಯ ದಡದ ತಂಗಾಳಿಯನ್ನು ನಾನು ಮೋಸವೆಂದದ್ದು ಇದಕ್ಕೆ. ನಮ್ಮ ಚರ್ಮದ ಕಪ್ಪು ವರ್ಣದ್ರವ್ಯ ಈ ಕಿರಣಗಳನ್ನು ಹೀರಿ ಒಳಗಿನ ಜೀವಕೋಶಗಳನ್ನು ಕಾಯುತ್ತದೆ. ಬಿಸಿಲಿಗೆ ಹೋದಾಗ ಕಪ್ಪಾಗುವುದೆಂದರೆ ಚರ್ಮ ಕೊಡೆ ಬಿಚ್ಚಿಕೊಂಡಂತೆ. ಆದರೆ ಕೆಲವು ಹೆಂಗಸರಲ್ಲಿ, ಬಸಿರು ಬಾಣಂತನಗಳ ಅನಂತರ, ಈ ದ್ರವ್ಯ ಮುಖದ ಕೆಲವೆಡೆ ಮಾತ್ರ ಹೆಚ್ಚಾಗಿ ತಯಾರಾಗುತ್ತದೆ, ಅದೇ ಬಂಗು. ಅದಕ್ಕೆ ಬಿಸಿಲೇ ಗೊಬ್ಬರ. ಹಾಗಾಗಿ ಬಿಸಿಲು ತಪ್ಪದೆ ಯಾವ ಮುಲಾಮಿನಿಂದಲೂ ಬಂಗು ಹೋಗದು.

ದುಡಿಮೆಗೂ ಚರ್ಮಕ್ಕೂ ಇರುವ ಈ ಸಂಬಂಧ ಇಂದಿನ ಸುದ್ದಿಯಲ್ಲ. ೧೮೯೪ರಲ್ಲಿ ಹ್ಯಾಂಬರ್ಗಿನ ಚರ್ಮವೈದ್ಯ ಉನ್ನಾ, ಹಡಗಿನ ಮೇಲೆ ಬಾಳಿದವರ ಮುಖ ಕೈಗಳಲ್ಲಿ ಮೂಡುವ ವಿಕಾರವನ್ನು ಗುರುತಿಸಿ ‘ನಾವಿಕರ ಚರ್ಮ’ ಎಂದು ಕರೆದ. ಎರಡು ವರ್ಷಗಳ ಅನಂತರ ಫ್ರಾನ್ಸಿನ ಬೋರ್ದೋದಲ್ಲಿ ದ್ಯೂಬ್ರೆಯ್ ಎಂಬ ವೈದ್ಯ, ದ್ರಾಕ್ಷಿ ತೋಟದ ಕೂಲಿಗಳಲ್ಲಿಯೂ ಅದನ್ನೇ ಕಂಡ. ೨೦೨೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು ಕೂಡಿ ಪ್ರಕಟಿಸಿದ ಅಂದಾಜಿನ ಪ್ರಕಾರ, ೨೦೧೯ರಲ್ಲಿ ಜಗತ್ತಿನಲ್ಲಿ ೧೬೦ ಕೋಟಿ ಜನ ಹೊರಗಿನ ದುಡಿಮೆಯಲ್ಲಿ ಸೂರ್ಯನ ಅತಿನೇರಳೆ ಕಿರಣಗಳಿಗೆ ಮೈಯೊಡ್ಡಿದ್ದರು. ಬಿಸಿಲಿನ ದುಡಿಮೆಯಿಂದ ಬಂದ ಚರ್ಮದ ಕ್ಯಾನ್ಸರಿನಿಂದ ಅದೊಂದೇ ವರ್ಷ ಸುಮಾರು ೧೯,೦೦೦ ಜನ ಸತ್ತರು. ಕಪ್ಪು ಚರ್ಮದ ನಮ್ಮಲ್ಲಿ ಈ ಕ್ಯಾನ್ಸರ್ ವಿರಳವೆಂಬುದು ಸಮಾಧಾನದ ಮಾತು. ಆದರೆ ಬಂಗು, ಬಿಸಿಲುಗಂದೆ, ಅಕಾಲದ ಸುಕ್ಕು, ಕಣ್ಣಿನ ಪೊರೆ, ಕಣ್ಣಿನ ಬಿಳಿಯ ಭಾಗದಿಂದ ಕರಿಯ ಗುಡ್ಡೆಯ ಮೇಲೆ ಹಬ್ಬುವ ಮಾಂಸದ ಪದರ—ಇವು ನಮಗೆ ವಿನಾಯಿತಿ ಕೊಟ್ಟಿಲ್ಲ.

ಇಷ್ಟು ಕೇಳಿ ವಾಚಕರು ಸೂರ್ಯನಿಗೆ ಬೆನ್ನು ತಿರುಗಿಸಬೇಕಾಗಿಲ್ಲ. ಅವನನ್ನು ಆರೋಗ್ಯದಾತನೆಂದು ನಂಬಿದ ಜನ ನಾವು. ರಥಸಪ್ತಮಿಯ ದಿನ ಎಕ್ಕದ ಎಲೆಗಳನ್ನು ಮೈಮೇಲಿಟ್ಟು ಮೀಯುತ್ತೇವೆ. ಮಯೂರ ಕವಿ ಸೂರ್ಯನನ್ನು ನೂರು ಶ್ಲೋಕಗಳಿಂದ ಸ್ತುತಿಸಿ ಕುಷ್ಠದಿಂದ ಮುಕ್ತನಾದನೆಂಬ ಐತಿಹ್ಯವುಂಟು. ಬೆಳಕಿನಿಂದ ಚರ್ಮದ ಕ್ಷಯವನ್ನು ವಾಸಿಮಾಡಿದ ಡೆನ್ಮಾರ್ಕಿನ ಫಿನ್ಸೆನ್ನನಿಗೆ ೧೯೦೩ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮೂಳೆಗೆ ಬೇಕಾದ ‘ಡಿ’ ಜೀವಸತ್ವವೂ ಬಿಸಿಲಿನಿಂದಲೇ ನಮ್ಮ ಚರ್ಮದಲ್ಲಿ ತಯಾರಾಗುತ್ತದೆ. ಆದರೆ ಅರ್ಘ್ಯಕ್ಕೆ ನಿಲ್ಲುವ ಕಾಲು ಗಂಟೆ ಬೇರೆ. ದಿನಕ್ಕೆ ಐದಾರು ಗಂಟೆಯಂತೆ ಹದಿನೈದು ವರ್ಷ ನಡೆಯುವುದು ಬೇರೆ.

ಚೀಟಿಯ ಮೇಲೆ ಬರೆದದ್ದು

ವೈದ್ಯರು ಹಳೆಯ ಮುಲಾಮನ್ನು ಬಿಡಿಸುವ ಕ್ರಮವನ್ನು ಹೇಳಿ, ಉರಿ ತಗ್ಗಿಸಲು ಬೇರೆ ಔಷಧಿ ಬರೆದರು. ಕೆಲವು ತಿಂಗಳುಗಳೇ ಬೇಕು. ನಡುವೆ ಉರಿ ಹೆಚ್ಚಿದರೂ ಹೆದರಿ ಹಳೆಯದಕ್ಕೆ ಕೈಹಾಕಬಾರದು, ತಮ್ಮಲ್ಲಿಗೇ ಬರಬೇಕು ಎಂದರು. ಚರ್ಮ ಸ್ವಲ್ಪ ಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಹಿಗ್ಗಿದ ರಕ್ತನಾಳಗಳೆಲ್ಲ ಹೋಗುತ್ತವೆಂದು ಅವರು ಭರವಸೆ ಕೊಡಲಿಲ್ಲ.

ಬಿಸಿಲನ್ನು ತಡೆಯುವ ಲೇಪನದ ಮಾತೂ ಬಂದಿತು. ನನ್ನ ಹೆಂಡತಿ ಒಂದು ಕೊಳವೆಯನ್ನು ನನ್ನ ಕೈಯಲ್ಲಿ ಕೊಟ್ಟು ಕಳಿಸಿದ್ದಳು. ವೈದ್ಯರು ಲೆಕ್ಕ ಹೇಳಿದರು. ಲೇಪನ ಸರಿಯಾಗಿ ಕೆಲಸ ಮಾಡಬೇಕಾದರೆ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ ಎರಡು ಮಿಲಿಗ್ರಾಮಿನಷ್ಟು ಬೇಕು. ಮುಖ, ಕತ್ತು, ಮೊಣಕೈ ಕೆಳಗಿನ ತೋಳುಗಳಿಗೆ ಒಂದು ಸಲಕ್ಕೆ ಸುಮಾರು ೪ ಗ್ರಾಂ ಆಯಿತು. ಬೆವರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ದಿನಕ್ಕೆ ಎರಡೇ ಸಲ ಹಚ್ಚಿದರೂ ೫೦ ಗ್ರಾಮಿನ ಕೊಳವೆ ಒಂದು ವಾರ ಬಾರದು. ಹೆಂಡತಿ ಪ್ರೀತಿಯಿಂದ ಕಳಿಸಿದ ಉಡುಗೊರೆಯ ಆಯುಷ್ಯ ಆರು ದಿನ! ೨೦೨೫ರ ಜನವರಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಸಾವಿರಾರು ಆಶಾಗಳು ಹಗಲು ರಾತ್ರಿ ಕುಳಿತು ತಿಂಗಳಿಗೆ ೧೦,೦೦೦ ರೂಪಾಯಿಗಳ ಭರವಸೆಯನ್ನು ಪಡೆಯಬೇಕಾಯಿತೆಂಬುದನ್ನು ನೆನೆದರೆ, ವಾರಕ್ಕೊಂದು ಕೊಳವೆ ಕೊಳ್ಳಿರೆಂದು ಅವರಿಗೆ ಉಪದೇಶಿಸಲು ನಾಲಗೆ ಏಳದು.

ವೈದ್ಯರೂ ಉಪದೇಶಿಸಲಿಲ್ಲ. “ಲೇಪನ ಮುಖಕ್ಕೆ ಮಾತ್ರ ಇರಲಿ; ಕೈಗೆ ಬಟ್ಟೆಯೇ ಮೇಲು,” ಎಂದರು. ಒತ್ತಾಗಿ ನೇಯ್ದ, ಗಾಢ ಬಣ್ಣದ, ತುಂಬುತೋಳಿನ ಬಟ್ಟೆ ಎಷ್ಟು ಸಲ ಒಗೆದರೂ ತೀರಿಹೋಗದ ಲೇಪನ. ತೆಳ್ಳನೆಯ ನೂಲಿನ ಸೆರಗು, ಅದರಲ್ಲಿಯೂ ಬೆವರಿನಿಂದ ತೊಯ್ದಾಗ, ಕಿರಣಗಳನ್ನು ಒಳಗೆ ಬಿಡುತ್ತದೆ. ಅಗಲ ಅಂಚಿನ ಟೋಪಿ ಅಥವಾ ಒತ್ತು ನೇಯ್ಗೆಯ ಕೊಡೆ, ಕಣ್ಣಿಗೆ ಒಂದು ಕಪ್ಪು ಕನ್ನಡಕ. ಗಡಿಯಾರವಿಲ್ಲದವರೂ ಅನುಸರಿಸಬಹುದಾದ ಒಂದು ಸೂತ್ರವನ್ನೂ ಕೊಟ್ಟರು: ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ಕ್ರೂರವಾಗಿದೆ, ಮರವನ್ನು ಹುಡುಕಿರಿ, ನೆರಳು ನಿಮಗಿಂತ ಉದ್ದವಾಗಿದ್ದರೆ ನಡೆಯಿರಿ.

ಅಕ್ಕನಿಗೆ ಈ ಸೂತ್ರ ಬಹಳ ಹಿಡಿಸಿತು. ಹಿಂದಿರುಗುವ ಬಸ್ಸಿನಲ್ಲಿಯೇ ಅವಳು ದಿನಚರಿಯನ್ನು ಬೇರೆ ರೀತಿಯಲ್ಲಿ ಜೋಡಿಸತೊಡಗಿದ್ದಳು. ದೂರದ ತೋಟದ ಮನೆಗಳು ಬೆಳಗಿನ ಆರಕ್ಕೆ. ಊರೊಳಗಿನ ಮನೆಗಳು ಆಮೇಲೆ. ನಡುಹಗಲಲ್ಲಿ ಅಂಗನವಾಡಿಯ ನೆರಳಿನಲ್ಲಿ ಕುಳಿತು ಬರೆಯುವ ಕೆಲಸ. ಸಂಜೆ ನಾಲ್ಕರ ಮೇಲೆ ಉಳಿದದ್ದು. “ಆದ್ರ ಮ್ಯಾಲಿನವರು ಮಧ್ಯಾಹ್ನಾನ ಫೋಟೋ ಕಳಸ್ರಿ ಅಂದ್ರ?” ಎಂದು ತಾನೇ ಪ್ರಶ್ನೆ ಹಾಕಿಕೊಂಡಳು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನಲ್ಲ. ಕಚೇರಿಯ ವೇಳೆಯನ್ನು ಬಿಸಿಲಿಗೆ ತಕ್ಕಂತೆ ಬದಲಿಸಬಲ್ಲವರು. ಸಮವಸ್ತ್ರವೆಂದು ಸೀರೆ ಕೊಡುವವರು ಅದರೊಂದಿಗೆ ಒಂದು ತುಂಬುತೋಳಿನ ಮೇಲಂಗಿಯನ್ನೂ ಟೋಪಿಯನ್ನೂ ಕೊಟ್ಟರೆ ಯಾರೂ ನಗುವುದಿಲ್ಲ. ಎಲ್ಲರೂ ತೊಟ್ಟರೆ ಅದೇ ಸಮವಸ್ತ್ರವಾಗುತ್ತದೆ.

ಊರಿಗೆ ಮರಳಿದ ಸಂಜೆ ಅಕ್ಕ ಪೆಟ್ಟಿಗೆಯಿಂದ ಭಾವನವರ ಹಳೆಯ ನೀಲಿ ಅಂಗಿಯೊಂದನ್ನು ತೆಗೆದು, ಕೊರಳು ಕತ್ತರಿಸಿ, ಮುಂಗೈಯ ಬಳಿ ಗುಂಡ್ಯ ಹೊಲಿಯುತ್ತ ಕುಳಿತಳು. ಮಗಳು, “ಯವ್ವಾ, ಮಂದಿ ನಗತಾರ ಅಂತಿದ್ದಿ?” ಎಂದು ಕೆಣಕಿದಳು. “ನಗಲಿ ಬಿಡ. ನಕ್ಕವರಿಗೂ ಒಂದೊಂದು ಹೊಲಿದು ಕೊಡತೀನಿ,” ಎಂದು ಅವಳು ದಾರ ಕಡಿದಳು.

ನಾನು ಹೊರಟ ಬೆಳಗ್ಗೆ ಬಸ್ಸಿನ ನಿಲ್ದಾಣದವರೆಗೆ ಬಂದಳು. ಗುಲಾಬಿ ಸೀರೆಯ ಮೇಲೆ ನೀಲಿ ಅಂಗಿ, ಹೆಗಲಲ್ಲಿ ಚೀಲ. ಮುಖದ ಮೇಲಿನ ಕೆಂಪು ಇನ್ನೂ ಹಾಗೆಯೇ ಇತ್ತು. ಆದರೆ ಸೆರಗಿನಿಂದ ಮರೆಮಾಡಿಕೊಂಡಿರಲಿಲ್ಲ. “ಮುಂದಿನ ಸಲ ಕರಿ ತಮ್ಮಾ, ಹ್ಯಾಂಗಿದ್ರೂ ಬರತೀನಿ,” ಎಂದಳು. ಅವಳ ನೆರಳು ರಸ್ತೆಯ ಮೇಲೆ ಉದ್ದವಾಗಿ ಚಾಚಿತ್ತು. ಇನ್ನೂ ನಡೆಯುವ ಹೊತ್ತು.

ಆಶಾ ಕಾರ್ಯಕರ್ತೆಯರು ಹಳ್ಳಿಗಳಲ್ಲಿ ಮಾತ್ರ ಇರುವವರಲ್ಲ. ನಗರದ ಓಣಿಗಳಲ್ಲಿ ವಾಸಿಸುವ ನಮ್ಮ ನಿಮ್ಮ ಬಾಗಿಲಿಗೂ ಅವರು ಬರುತ್ತಾರೆ. ಮನೆಯಲ್ಲಿ ಜ್ವರದವರು ಇದ್ದಾರೆಯೇ, ತೊಟ್ಟಿಯಲ್ಲಿ ನೀರು ನಿಂತಿದೆಯೇ ಎಂದು ಕೇಳುತ್ತಾರೆ. ನಾವು ಅರ್ಧ ಬಾಗಿಲು ತೆರೆದು, ಒಳಗಿನ ನೆರಳಿನಲ್ಲಿ ನಿಂತು ಉತ್ತರ ಹೇಳುತ್ತೇವೆ. ಅವರು ಹೊರಗಿನ ಬಿಸಿಲಿನಲ್ಲಿ ನಿಂತು ಬರೆದುಕೊಳ್ಳುತ್ತಾರೆ. ಹಿಪ್ಪರಗಿಯಿಂದ ಬಂದ ಮೇಲೆ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕುರ್ಚಿಯನ್ನೂ ಒಂದು ತಂಬಿಗೆ ನೀರನ್ನೂ ಅವರಿಗೆಂದು ಇಟ್ಟಿದ್ದೇವೆ. ಮೊದಲ ದಿನ ಬಂದಾಕೆ ಕುಳಿತುಕೊಳ್ಳಲು ಸಂಕೋಚಪಟ್ಟಳು. ಈಗ ಕುಳಿತೇ ಬರೆದುಕೊಳ್ಳುತ್ತಾಳೆ.